ಇಂದಿನ ಧಮ್ಮ ಚಿಂತನೆ: ದಲ್ಲಾಳಿ

 

‘ದಲ್ಲಾಳಿ’ ಅರಬ್ಬಿಯಿಂದ ಬಂದ ಪದ. ಮೂಲ ಅರ್ಥ, ದಾರಿ ತೋರಿಸುವವನು. ನಮ್ಮ ಹೊಳಲು, ಹಡಗಲಿ ಕಡೆ ಅದೀಗ ಅರ್ಧ ಬೈಗುಳ. ಏಕೆ? ದನದ ಸಂತೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಕೊಳ್ಳುವವ ಒಪ್ಪಿದ್ದೊಂದು, ಎತ್ತಿನ ಒಡೆಯನಿಗೆ ಮುಟ್ಟಿದ್ದೊಂದು ಆದರೂ ತಿಳಿಯದು.

ಬುದ್ಧರೂ ದಾರಿ ತೋರಿದವರೇ. ಮೋಕ್ಷದಾತರಲ್ಲ, ಮಾರ್ಗದಾತರು ಎಂದರು ಬಾಬಾಸಾಹೇಬರು. ಆದರೆ ಬುದ್ಧರ ಕೈ ತೆರೆದ ಕೈ. ಧಮ್ಮದಲ್ಲಿ ಗುರುವಿನ ಮುಚ್ಚಿದ ಮುಷ್ಟಿ ತಮ್ಮಲ್ಲಿಲ್ಲವೆಂದು ಕೊನೆಯ ದಿನಗಳಲ್ಲಿ ಆನಂದರಿಗೆ ತಿಳಿಸಿದರು. ಕಮಿಷನ್ ಇಲ್ಲ, ನಡೆಯಬೇಕಾದವರು ನಾವೇ.

ದೋಷ ಕಳೆಯುತ್ತೇನೆ, ಪುಣ್ಯ ಕೊಡಿಸುತ್ತೇನೆ ಎಂದು ಬಾಗಿಲಿಗೆ ಬಂದವರನ್ನು ಕೇಳೋಣ: ಟವೆಲ್ ತೆಗೆಯುತ್ತೀರಾ? ನಾಳೆ ಸಂತೆಯಲ್ಲಿ ತಕ್ಕಡಿ ಹಿಡಿದಾಗ ಅದೇ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳೋಣ. ಅದೇ ಸಮ್ಯಕ್ ಆಜೀವ.

ಭವತು ಸಬ್ಬ ಮಂಗಲಂ.