ಮದುವಣಗಿತ್ತಿಯ ಸಿಂಗಾರವೂ ಕಾಯಶುದ್ಧಿಯೂ

ಶರಣಧರ್ಮದಲ್ಲಿ ಕಾಯವು ತಿರಸ್ಕಾರಕ್ಕೆ ಅರ್ಹವಾದ ವಸ್ತುವಲ್ಲ. ದೇಹವನ್ನು ಪಾಪದ ಗೂಡೆಂದು ಹಳಿದು, ಅದನ್ನು ಒಣಗಿಸಿ ಬಳಲಿಸುವುದೇ ಮುಕ್ತಿಮಾರ್ಗವೆಂದು ಸಾರಿದ ಮತಗಳುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಹಿಡಿದ ದಾರಿ ಅದಲ್ಲ. ಅವರು ದೇಹವನ್ನೇ ದೇಗುಲವೆಂದು ಕಂಡರು. ಕಾಯದಿಂದ ಮಾಡುವ ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಪದವಿಯನ್ನು ಕೊಟ್ಟರು. ಎದೆಯ ಮೇಲೆ ಇಷ್ಟಲಿಂಗವನ್ನೂ, ನೊಸಲಿನಲ್ಲಿ ವಿಭೂತಿಯನ್ನೂ, ಕೊರಳಿನಲ್ಲಿ ರುದ್ರಾಕ್ಷಿಯನ್ನೂ ಧರಿಸಿ ಈ ಕಾಯವನ್ನು ಪ್ರಸಾದಕಾಯವನ್ನಾಗಿ ಮಾಡಿಕೊಳ್ಳಬೇಕೆಂದು ಬೋಧಿಸಿದರು. ದೇಗುಲವನ್ನು ಗುಡಿಸಿ ಸಾರಿಸುವುದು ಭಕ್ತನ ಕರ್ತವ್ಯವಾದರೆ, ದೇಹವನ್ನು ಶುಚಿಯಾಗಿ, ದೃಢವಾಗಿ, ನಿರೋಗವಾಗಿ ಇರಿಸಿಕೊಳ್ಳುವುದೂ ಅವನ ಕರ್ತವ್ಯವೇ ಆಗಿದೆ.

ಈ ಮಾತನ್ನು ಮೊದಲಿಗೆ ಹೇಳಬೇಕಾದುದಕ್ಕೆ ಕಾರಣವುಂಟು. ಮನೆಯಲ್ಲಿ ಮಗಳ ನಿಶ್ಚಿತಾರ್ಥವಾಯಿತೆಂದರೆ ಸಿಂಗಾರದ ಸನ್ನಾಹವು ಅಂದಿನಿಂದಲೇ ಆರಂಭವಾಗುತ್ತದೆ. ಲಗ್ನಕ್ಕೆ ಆರು ತಿಂಗಳಿರಲಿ, ವರ್ಷವಿರಲಿ, ಮುಖಕ್ಕೆ ಏನು ಹಚ್ಚಬೇಕು, ಕೂದಲಿಗೆ ಏನು ಹಾಕಬೇಕು, ಎಷ್ಟು ತೂಕ ಇಳಿಸಬೇಕು ಎಂಬ ಲೆಕ್ಕಾಚಾರ ನಡೆಯುತ್ತದೆ. ಇದನ್ನು ಕಂಡ ಕೆಲವು ಹಿರಿಯರು, ಸಿಂಗಾರವೆಲ್ಲ ವ್ಯರ್ಥ ಮೋಹವೆಂದು ಗದರಿಸುವುದುಂಟು. ಅದು ಸರಿಯಾದ ಬೋಧೆಯಲ್ಲ. ಸುರಗಿಯ ನಾಲ್ಕು ಬಿಂದಿಗೆಗಳ ನಡುವೆ ವಧೂವರರನ್ನು ಕೂರಿಸಿ ಅರಿಸಿನ ಹಚ್ಚಿ ನೀರೆರೆಯುವ ಪದ್ಧತಿಯನ್ನು ಇರಿಸಿಕೊಂಡು ಬಂದವರು ಆ ಹಿರಿಯರೇ ಅಲ್ಲವೆ? ಬಾಳಿನ ಮಂಗಳದಿನಕ್ಕೆ ದೇಹವನ್ನು ಅಣಿಗೊಳಿಸುವುದು ತಪ್ಪಲ್ಲ. ಯಾವುದನ್ನು ಅಣಿಗೊಳಿಸುವುದೆನ್ನುತ್ತಾರೋ ಅದು ನಿಜವಾಗಿಯೂ ಆರೈಕೆಯೋ, ಅಲ್ಲ ಹಿಂಸೆಯೋ ಎಂಬುದನ್ನು ವಿವೇಚಿಸಬೇಕಾಗಿದೆ.

ಒಂದು ಮನೆಯ ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ತಂದೆ ಒಕ್ಕಲುತನ ಮಾಡುವವನು. ಮಗಳು ಓದಿದವಳು, ಬಿಡುವಿನಲ್ಲಿ ಹೊಲದ ಕೆಲಸಕ್ಕೂ ಕೈಗೂಡಿಸುವವಳು. ನೋಡಲು ಬಂದ ಬೀಗರ ಪೈಕಿ ಯಾರೋ ಒಬ್ಬರು, "ಹುಡುಗಿ ಎಲ್ಲ ತರದಲ್ಲೂ ಒಪ್ಪುತ್ತಾಳೆ, ಬಣ್ಣವೊಂದು ತುಸು ಕಡಿಮೆ" ಎಂದರು. ಸಂಬಂಧ ಕುದುರಿತು, ಆದರೆ ಆ ಒಂದು ಮಾತು ಮುಳ್ಳಾಗಿ ಮನೆಯಲ್ಲಿಯೇ ಉಳಿಯಿತು. ಲಗ್ನಕ್ಕೆ ಇನ್ನೂ ಹತ್ತು ತಿಂಗಳಿತ್ತು. ನೆರೆಯವರೊಬ್ಬರು ಹೇಳಿದರೆಂದು ತಾಯಿ ಪೇಟೆಯಿಂದ ಒಂದು ಮುಲಾಮಿನ ಕೊಳವೆಯನ್ನು ತರಿಸಿದಳು. ಎರಡು ವಾರದಲ್ಲಿ ಮುಖ ತಿಳಿಯಾಯಿತು, ಮನೆಮಂದಿಯೆಲ್ಲ ಹಿಗ್ಗಿದರು. ನಾಲ್ಕನೆಯ ತಿಂಗಳಿಗೆ ಕೆನ್ನೆ ಕೆಂಪಡರಿತು, ಬಿಸಿಲಿಗೆ ಹೋದರೆ ಉರಿಯತೊಡಗಿತು, ಗುಳ್ಳೆಗಳೆದ್ದವು, ಗಲ್ಲದಲ್ಲಿ ನವಿರು ಕೂದಲು ಮೂಡಿತು. ಮುಲಾಮನ್ನು ಬಿಟ್ಟರೆ ಉರಿ ಇಮ್ಮಡಿಸುತ್ತಿತ್ತು. ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತಿತ್ತು. ಹುಡುಗಿ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಳು. ಇದು ಒಂದೇ ಮನೆಯ ಕಥೆಯಲ್ಲ. ಊರೂರಿನಲ್ಲಿ ಇಂಥ ಮನೆಗಳಿವೆ.

ಇದರ ಕಾರಣವನ್ನು ಗೃಹಸ್ಥರು ಅರಿತಿರತಕ್ಕದ್ದು. ಬೇಗನೆ ಬಿಳುಪು ತರುತ್ತವೆಂದು ಮಾರುವ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಎಂಬ ತೀಕ್ಷ್ಣ ಔಷಧ ಬೆರೆತಿರುತ್ತದೆ. ಅದು ಕೆಲವು ಚರ್ಮರೋಗಗಳಿಗೆ ವೈದ್ಯರು ಅಳತೆಯಿಂದ, ಕೆಲವೇ ದಿನಗಳಿಗೆ ಕೊಡತಕ್ಕ ಮದ್ದು. ಆರೋಗ್ಯವಂತ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವ ಲೇಪವಲ್ಲ. ಇದರ ದುರುಪಯೋಗವನ್ನು ಕಂಡೇ ಕೇಂದ್ರ ಸರಕಾರವು 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಇನ್ನು ಕೆಲವು ಲೇಪಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಮುಂದೆ ಗರ್ಭದಲ್ಲಿ ಬೆಳೆಯುವ ಶಿಶುವಿಗೂ ಕೇಡು ಮಾಡಬಲ್ಲದು. 2013ರಲ್ಲಿ ಜಪಾನಿನಲ್ಲಿ ಅಂಗೀಕೃತವಾದ ಮಿನಮಾಟ ಒಡಂಬಡಿಕೆಯು ಪಾದರಸದ ಬಳಕೆಗೆ ಕಡಿವಾಣ ಹಾಕಿದಾಗ ಇಂಥ ಲೇಪಗಳನ್ನೂ ಬಿಡಲಿಲ್ಲ. ಹೆಸರಿಲ್ಲದ, ಒಳಗೇನಿದೆಯೆಂದು ಬರೆಯದ ಡಬ್ಬಿಯನ್ನು ಮನೆಯೊಳಗೆ ತರುವುದು ಮಗಳಿಗೆ ಸಿಂಗಾರವನ್ನು ತಂದಂತಲ್ಲ, ವಿಷವನ್ನು ತಂದಂತೆ.

ದೃಷ್ಟಾಂತದ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು, ಹುಡುಗಿಯ ತಂದೆಯ ತಾಯಿ. ಒಂದು ಮುಂಜಾನೆ ಪೂಜೆಗೆ ಕುಳಿತಾಗ ಮೊಮ್ಮಗಳನ್ನು ಹತ್ತಿರಕ್ಕೆ ಕರೆದು ಕೇಳಿದಳು: "ಮಗಳೆ, ನಿನ್ನ ಅಂಗೈಯೊಳಗಿನ ಲಿಂಗಯ್ಯನ ಬಣ್ಣ ಯಾವುದು?"

"ಕಪ್ಪು, ಅಜ್ಜಿ."

"ಅವನಿಗೆ ನೀರೆರೆದೆ, ವಿಭೂತಿ ಧರಿಸಿದೆ, ಹೂವನ್ನು ಏರಿಸಿದೆ. ಬಿಳುಪಾಗಲೆಂದು ಎಂದಾದರೂ ಮುಲಾಮು ಹಚ್ಚಿದೆಯಾ?"

ಹುಡುಗಿ ಉತ್ತರ ಕೊಡಲಿಲ್ಲ. ಅವಳ ಕಣ್ಣಿನ ಹನಿ ಕರಸ್ಥಲದ ಮೇಲೆ ಬಿದ್ದಿತು.

ಮುದುಕಿಯ ಪ್ರಶ್ನೆಯಲ್ಲಿ ಧರ್ಮದ ಸಾರವೇ ಅಡಗಿದೆ. ಲಿಂಗಾಯತನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ನೆಡುವ ಇಷ್ಟಲಿಂಗವು ಕಪ್ಪು ಲೇಪದಿಂದ ಹೊಳೆಯುವಂಥದು. ಅದರ ಕಪ್ಪಿನಲ್ಲಿಯೇ ಅವನು ಬೆಳಕನ್ನು ಅರಸುತ್ತಾನೆ. ಬೆಳಗ್ಗೆ ಆ ಕಪ್ಪಿಗೆ ತಲೆಬಾಗಿದವನು, ಹೊತ್ತೇರಿದ ಮೇಲೆ ಹೆಣ್ಣು ನೋಡಲು ಹೋಗಿ ಕಪ್ಪೆಂಬುದನ್ನು ಕೊರತೆಯೆಂದು ಎಣಿಸಿದರೆ, ಅವನ ಪೂಜೆ ಕೈಯಿಂದ ಮನಸ್ಸಿಗೆ ಇಳಿದಿಲ್ಲವೆಂದೇ ಅರ್ಥ. ಚರ್ಮದ ಬಣ್ಣವನ್ನು ಕೊಡುವ ಕಣಗಳು ಬಿಸಿಲಿನ ತೀಕ್ಷ್ಣತೆಯಿಂದ ದೇಹವನ್ನು ಕಾಯುವ ಕೊಡೆಯಿದ್ದಂತೆ. ಈ ನಾಡಿನ ಬಿಸಿಲಿಗೆ ತಕ್ಕಂತೆ ಈ ನಾಡಿನವರಿಗೆ ಆ ಕೊಡೆ ದೊರೆತಿದೆ. ಅದನ್ನು ಸುಟ್ಟು ತೆಗೆಯಬೇಕೆಂಬುದು ಕೊಟ್ಟವನ ಕೊಡುಗೆಯನ್ನು ಜರೆದಂತೆಯೇ ಸರಿ.

ಹಾಗಾದರೆ ಮದುವೆಗೆ ಮುನ್ನಿನ ತಿಂಗಳುಗಳಲ್ಲಿ ಮಾಡತಕ್ಕದ್ದೇನು? ದೀರ್ಘಕಾಲದ ಸಿದ್ಧತೆಗೆ ನಿಜವಾಗಿಯೂ ಅರ್ಥವಿದೆ, ಏತಕ್ಕೆಂದರೆ ದೇಹಕ್ಕೆ ತನ್ನದೇ ಆದ ಪಂಚಾಂಗವಿದೆ. ಹೊರಚರ್ಮವು ಹೊಸದಾಗಲು ಸುಮಾರು ಒಂದು ತಿಂಗಳಿಗೂ ಮಿಕ್ಕಿ ಕಾಲ ಬೇಕು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಉಗುರು ಅದಕ್ಕಿಂತಲೂ ನಿಧಾನ. ಇಂದು ಉಂಡ ಅನ್ನದ ಕಳೆ ಮುಖದಲ್ಲಿ ನಾಳೆಯೇ ಕಾಣುವುದಿಲ್ಲ. ಇಂದು ಬಿಟ್ಟ ಅನ್ನದ ಫಲವೂ ನಾಳೆಯೇ ಕಾಣುವುದಿಲ್ಲ. ತೂಕ ಇಳಿಸಬೇಕೆಂದು ಉಪವಾಸ ಬಿದ್ದ ಹುಡುಗಿಗೆ ಎರಡು ಮೂರು ತಿಂಗಳಾದ ಮೇಲೆ, ಸರಿಯಾಗಿ ಲಗ್ನದ ಹೊತ್ತಿಗೆ, ಬಾಚಣಿಗೆಯ ತುಂಬ ಕೂದಲು ಉದುರುವುದುಂಟು. ಆದುದರಿಂದ ಸಿದ್ಧತೆಯ ಮೊದಲ ಮೆಟ್ಟಿಲು ಕನ್ನಡಿಯಲ್ಲ, ಒಲೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮುಖ ಬಾಡಿದೆ, ಕಣ್ಣು ಗುಳಿಬಿದ್ದಿದೆ, ಕೂದಲು ಉದುರುತ್ತಿದೆ ಎಂದು ಕೊರಗುವ ಎಷ್ಟೋ ಹೆಣ್ಣುಮಕ್ಕಳಿಗೆ ಬೇಕಾದುದು ಲೇಪವಲ್ಲ, ರಕ್ತ. ವರ್ಷವೊಂದಿರುವಾಗಲೇ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ಕೊಡಿಸತಕ್ಕದ್ದು. ಜೋಳದ ರೊಟ್ಟಿ, ರಾಗಿಯ ಮುದ್ದೆ, ನುಗ್ಗೆ ಮತ್ತು ಮೆಂತ್ಯದ ಸೊಪ್ಪು, ಕಾಳುಪಲ್ಯ, ಹಾಲು ಮೊಸರು, ಊಟದೊಂದಿಗೆ ಹಿಂಡಿದ ನಿಂಬೆ ಇವೆಲ್ಲ ಮನೆಯಲ್ಲಿಯೇ ಇರುವ ಸಿಂಗಾರದ ಸಾಮಗ್ರಿಗಳು. ಗಂಡಸರೆಲ್ಲ ಉಂಡ ಮೇಲೆ ಮಿಕ್ಕುದನ್ನು ಮಗಳು ಉಣ್ಣುವ ಪದ್ಧತಿಯಿರುವ ಮನೆಯಲ್ಲಿ ಎಷ್ಟು ಅರಿಸಿನ ಹಚ್ಚಿದರೇನು? ಪ್ರಸಾದವು ಪಂಕ್ತಿಯಲ್ಲಿ ಎಲ್ಲರಿಗೂ ಸಮ. ಆ ಸಮತೆ ಅಡುಗೆಮನೆಯಿಂದಲೇ ಆರಂಭವಾಗಬೇಕು.

ಉಳಿದುದು ಸರಳ. ಹೊತ್ತಿಗೆ ಸರಿಯಾಗಿ ನಿದ್ರೆ, ದಿನವೂ ಬೆವರುವಷ್ಟು ನಡಿಗೆ ಇಲ್ಲವೆ ಕೆಲಸ, ವಾರಕ್ಕೊಮ್ಮೆ ಎಣ್ಣೆನೀರು, ಸೀಗೆಕಾಯಿ, ಕಡಲೆಹಿಟ್ಟು, ಬಿಸಿಲಿನಲ್ಲಿ ತಲೆಯ ಮೇಲೆ ಸೆರಗು. ಹಲ್ಲಿನ ನೋವು, ಮುಟ್ಟಿನ ತೊಂದರೆ, ಹಳೆಯ ಚರ್ಮದ ಕಜ್ಜಿ ಇದ್ದರೆ ಆರು ತಿಂಗಳ ಮೊದಲೇ ವೈದ್ಯರಿಗೆ ತೋರಿಸತಕ್ಕದ್ದು, ಮುಚ್ಚಿಡತಕ್ಕದ್ದಲ್ಲ. ಲಗ್ನದ ಹಿಂದಿನ ವಾರದಲ್ಲಿ ಎಂದೂ ಹಚ್ಚದ ಲೇಪವನ್ನು ಮುಖಕ್ಕೆ ಹಚ್ಚಕೂಡದು. ಅರಿಸಿನವೂ ಮನೆಯಲ್ಲಿ ಕುಟ್ಟಿದ್ದಾದರೆ ಲೇಸು, ಪೇಟೆಯ ಪುಡಿಯಲ್ಲಿ ಕೃತಕ ಬಣ್ಣ ಬೆರೆಸುವವರಿದ್ದಾರೆ.

ಇದಿಷ್ಟೂ ವಧುವಿಗೆ ಮಾತ್ರವೆಂದು ತಿಳಿದರೆ ಅರ್ಧ ಧರ್ಮವನ್ನು ಬಿಟ್ಟಂತೆ. ವರನ ಕೊರಳಿನಲ್ಲಿಯೂ ಇರುವುದು ಅದೇ ಲಿಂಗ. ಅವನ ರಕ್ತಪರೀಕ್ಷೆಯನ್ನು ಮಾಡಿಸಿದವರೆಷ್ಟು ಮಂದಿ? ಅವನ ತುಟಿಯ ತಂಬಾಕಿನ ಕಲೆಯನ್ನು ಎಣಿಸಿದವರೆಷ್ಟು ಮಂದಿ? ನಿಶ್ಚಯವಾದ ದಿನದಿಂದ ಗುಟಕಾವನ್ನೂ ಬೀಡಿಯನ್ನೂ ಮದ್ಯವನ್ನೂ ತ್ಯಜಿಸುವುದು ವರನು ವಧುವಿಗೆ ಕೊಡಬಹುದಾದ ಮೊದಲ ಒಡವೆ. ಹೆಣ್ಣಿನ ಮುಖದಲ್ಲಿ ಕಲೆಯನ್ನು ಹುಡುಕುವ ಕಣ್ಣು ಗಂಡಿನ ಚಟವನ್ನು ಕಂಡೂ ಮುಚ್ಚಿಕೊಳ್ಳುವುದಾದರೆ, ಆ ಮದುವೆಯ ತಕ್ಕಡಿ ಮೊದಲೇ ವಾಲಿದೆ.

ಹೊರಗಿನ ಸಿದ್ಧತೆ ಇಷ್ಟಾಯಿತು. ಒಳಗಿನ ಸಿದ್ಧತೆಗೆ ಅಕ್ಕಮಹಾದೇವಿಯ ಪ್ರಸಂಗವೊಂದು ದಾರಿ ತೋರುತ್ತದೆ. ಉಡುತಡಿಯ ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಅವಳನ್ನು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿದ ಸಂವಾದವನ್ನು ಶೂನ್ಯಸಂಪಾದನೆಯು ನಿರೂಪಿಸಿದೆ. ಅಲ್ಲಿ ಅಕ್ಕನು ಹಣ್ಣಿನ ದೃಷ್ಟಾಂತವನ್ನು ಕೊಟ್ಟು ಒಳಗಿನ ಮಾಗುವಿಕೆಗೂ ಹೊರಗಿನ ಸಿಪ್ಪೆಗೂ ಇರುವ ಸಂಬಂಧವನ್ನು ತಿಳಿಸುತ್ತಾಳೆ. ಅಕ್ಕನು ಅರಮನೆಯ ಭೋಗವನ್ನು ತೊರೆದವಳು. ಗೃಹಸ್ಥಳಾಗಲಿರುವ ಹುಡುಗಿ ಅವಳಂತೆ ಎಲ್ಲವನ್ನೂ ತೊರೆಯಬೇಕಿಲ್ಲ. ಆದರೆ ಅಕ್ಕನ ದೃಷ್ಟಾಂತ ಅವಳಿಗೂ ಸಲ್ಲುತ್ತದೆ. ಕಾಯಿಗೆ ಹೊರಗಿನಿಂದ ಬಣ್ಣ ಬಳಿದರೆ ಅದು ಹಣ್ಣಾಗದು. ಒಳಗೆ ರಸ ತುಂಬಿದರೆ ಬಣ್ಣ ತಾನಾಗಿ ಏರುವುದು.

ಆ ರಸ ತುಂಬುವ ಬಗೆ ಯಾವುದು? ವಧೂವರರಿಬ್ಬರೂ ನಿತ್ಯ ಲಿಂಗಪೂಜೆಯನ್ನು ತಪ್ಪಿಸದಿರುವುದು. ಸಾಲ ಎಷ್ಟಿದೆ, ಗಳಿಕೆ ಎಷ್ಟಿದೆ, ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳುವವರಾರು, ಹುಡುಗಿಯ ಓದು ಕಾಯಕಗಳು ಮುಂದುವರಿಯುವ ಬಗೆಯೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳುವುದು. ಸಿಟ್ಟು ಬಂದಾಗ ನಾಲಗೆಯನ್ನು ತಡೆಯುವುದನ್ನು ಈಗಿನಿಂದಲೇ ಅಭ್ಯಾಸ ಮಾಡುವುದು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ತಮಗೆ ಸಲ್ಲದೆಂದು ಹಿಂದಕ್ಕೆ ಕಳುಹಿದವಳು ಅವನ ಸತಿ ಲಕ್ಕಮ್ಮ. ಅವಳ ಮೈಬಣ್ಣವನ್ನು ಯಾರೂ ಬರೆದಿಡಲಿಲ್ಲ. ಅವಳ ನಡೆ ಮಾತ್ರ ಎಂಟು ಶತಮಾನ ದಾಟಿ ಉಳಿದಿದೆ.

ಶರಣಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೆನೆಯಲ್ಪಡುವ ಮದುವೆಯೊಂದಿದೆ. ಸಮಗಾರ ಹರಳಯ್ಯನ ಮಗನಿಗೂ, ಬ್ರಾಹ್ಮಣಕುಲದಿಂದ ಶರಣನಾದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ನಡೆದ ಮದುವೆ ಅದು. ಪರಂಪರೆಯು ವರನನ್ನು ಶೀಲವಂತನೆಂದೂ ವಧುವನ್ನು ಲಾವಣ್ಯವತಿಯೆಂದೂ ಕರೆಯುತ್ತದೆ. ಹೆಸರಿನಲ್ಲಿಯೇ ಒಂದು ಬೋಧೆಯಿದೆ: ಲಾವಣ್ಯವು ಶೀಲವನ್ನು ಕೈಹಿಡಿಯಿತು. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದರೆಂಬ ಕಥೆಯನ್ನು ಅರಿಯದ ಶರಣರ ಮನೆಯಿಲ್ಲ. ಚರ್ಮವನ್ನು ಭಕ್ತಿಗೆ ಅರ್ಪಿಸಿದವರ ಮನೆಗೆ ಸೊಸೆಯಾಗಿ ಬಂದವಳು ಆ ಲಾವಣ್ಯವತಿ. ಆ ಮದುವೆಗಾಗಿ ಬೀಗರಿಬ್ಬರೂ ಪ್ರಾಣವನ್ನೇ ತೆತ್ತರು. ಕುಲವನ್ನು ನೋಡದೆ ಶೀಲವನ್ನು ನೋಡಿದ ಮದುವೆಗೆ ಅಷ್ಟು ಬೆಲೆ ತೆತ್ತವರ ವಾರಸುದಾರರು, ಇಂದು ಬಣ್ಣವನ್ನು ನೋಡಿ ಸೊಸೆಯನ್ನು ಆರಿಸುವುದಾದರೆ ಆ ಬಲಿದಾನಕ್ಕೆ ತೋರಿದ ಗೌರವ ಯಾವುದು?

ದೃಷ್ಟಾಂತದ ಹುಡುಗಿಯನ್ನು ಅಜ್ಜಿಯೇ ಜೊತೆಗೆ ನಿಂತು ಚರ್ಮವೈದ್ಯರ ಬಳಿಗೆ ಕರೆದೊಯ್ದಳು. ಮುಲಾಮನ್ನು ವೈದ್ಯರ ಮಾತಿನಂತೆ ಬಿಡಿಸಿ ಶುಶ್ರೂಷೆ ಮಾಡಲು ತಿಂಗಳುಗಳೇ ಹಿಡಿದವು. ತಂದೆ ಬೀಗರ ಮನೆಗೆ ಹೋಗಿ, ನಡೆದುದನ್ನೆಲ್ಲ ಹೇಳಿ, "ನನ್ನ ಮಗಳು ತನ್ನ ಬಣ್ಣದಲ್ಲಿಯೇ ನಿಮ್ಮ ಮನೆಗೆ ಬರುತ್ತಾಳೆ, ಒಪ್ಪುವುದಾದರೆ ಹೇಳಿರಿ" ಎಂದನು. ವರನೇ ಎದ್ದು ನಿಂತು, "ಮಾವನವರೆ, ಬಣ್ಣದ ಮಾತನ್ನು ನಮ್ಮ ಮನೆಯಲ್ಲಿ ಇನ್ನು ಯಾರೂ ಆಡುವುದಿಲ್ಲ" ಎಂದನು. ಲಗ್ನದ ದಿನ ಕೆನ್ನೆಯ ಮೇಲೆ ಸಣ್ಣ ಕಲೆಗಳು ಇನ್ನೂ ಉಳಿದಿದ್ದವು. ವಿಭೂತಿ ಧರಿಸಿ, ಬಾಸಿಂಗ ಕಟ್ಟಿ, ತಲೆಯೆತ್ತಿ ಅವಳು ಹಸೆಯ ಮೇಲೆ ಕುಳಿತಳು.

ಅಂಥ ತಂದೆ, ಅಂಥ ಅಜ್ಜಿ, ಅಂಥ ವರ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು. ಮಗಳ ಮದುವೆಗೆ ಒಡವೆ ಬಟ್ಟೆಗಳನ್ನು ಕೂಡಿಸುವ ಸದ್ಭಕ್ತರು, ಅದಕ್ಕೂ ಮೊದಲು ಅವಳ ದೇಹಕ್ಕೆ ಅನ್ನವನ್ನೂ, ಮನಸ್ಸಿಗೆ ಧೈರ್ಯವನ್ನೂ, ಆತ್ಮಕ್ಕೆ ಲಿಂಗನಿಷ್ಠೆಯನ್ನೂ ಕೂಡಿಸಿಡಲಿ. ಹೊರಗಿನ ಅರಿಸಿನ ಒಂದು ನೀರಿಗೆ ತೊಳೆದುಹೋಗುತ್ತದೆ. ಲಿಂಗದ ಕಪ್ಪಿನಲ್ಲಿ ಬೆಳಕನ್ನು ಕಂಡ ಕಣ್ಣಿನ ಕಳೆ ಬಾಳಿನುದ್ದಕ್ಕೂ ಮಾಸದು.