ನೆನಪಿನ ಮಾತ್ರೆ ಯಾರಿಗಾಗಿ?

ನಿಮ್ಮ ತಾಯಿಗೆ ಈಚೆಗೆ ನಮಾಝಿನ ರಕಅತ್‌ಗಳ ಎಣಿಕೆ ತಪ್ಪುತ್ತಿದೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ದೂರದೂರಿನಲ್ಲಿ ದುಡಿಯುವ ತಮ್ಮ ನೆನಪಿನ ಶಕ್ತಿಯ ಮಾತ್ರೆಗಳ ಡಬ್ಬಿಯೊಂದನ್ನು ಕಲ್ಮಲದ ಮನೆಗೆ ಕಳುಹಿಸುತ್ತಾನೆ. ಕ್ಯಾಪ್ಸೂಲಿನ ಜೆಲಟಿನ್ ಹಲಾಲೇ ಎಂದು ನೀವು ವಿಚಾರಿಸುತ್ತೀರಿ. ಸರಿಯಾದ ಪ್ರಶ್ನೆಯೇ. ಆದರೆ ಒಳಗಿರುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ ಎಂದು ವಿಚಾರಿಸಿದಿರಾ?

ಇಂತಹ ಅನೇಕ ಡಬ್ಬಿಗಳಲ್ಲಿ ಗಿಂಕ್ಗೊ ಎಂಬ ಮರದ ಎಲೆಯ ಸಾರವಿರುತ್ತದೆ. ಅಮೆರಿಕದಲ್ಲಿ 3,069 ವೃದ್ಧರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅದನ್ನು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮರೆವಿನ ರೋಗವನ್ನು ಅದು ತಡೆಯಲಿಲ್ಲ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರಿಗೆ ಅದರಿಂದ ರಕ್ತಸ್ರಾವದ ಅಪಾಯವೂ ಇದೆ. ಆದರೆ ವಿಟಮಿನ್ ಬಿ12ರ ಕೊರತೆಯಿಂದಲೋ ಥೈರಾಯ್ಡ್ ದೋಷದಿಂದಲೋ ಬಂದ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದು. ರಕ್ತ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಅದಕ್ಕಾಗಿ ತಾಯಿಯ ಕೈಹಿಡಿದು ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಬೇಕು, ಸರದಿಯಲ್ಲಿ ಕಾಯಬೇಕು, ಒಂದು ದಿನದ ಕೂಲಿ ಬಿಡಬೇಕು. ಡಬ್ಬಿ ಕೊಳ್ಳುವುದು ಇದಕ್ಕಿಂತ ಸುಲಭ! ನಾವು ದುಡ್ಡು ಕೊಡುತ್ತಿರುವುದು ತಾಯಿಯ ನೆನಪಿಗೋ, ನಮ್ಮ ಮನಸ್ಸಿನ ಸಮಾಧಾನಕ್ಕೋ?

ಚಿಕಿತ್ಸೆ ಪಡೆಯಲು ಕಲಿಸಿದ ಪ್ರವಾದಿವರ್ಯರು(ಸ) ಮುಪ್ಪಿಗೆ ಮಾತ್ರ ಮದ್ದಿಲ್ಲವೆಂದೂ ತಿಳಿಸಿರುವರು. ಬಲ್ಲದ್ದನ್ನೆಲ್ಲ ಮರೆಯುವಂತಹ ವಯಸ್ಸಿಗೆ ಕೆಲವರು ತಲುಪುವರೆಂದು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದಲ್ಲಿದೆ. ಮುಪ್ಪಿನ ಹೆತ್ತವರೆದುರು ಬೇಸರದ ಉದ್ಗಾರವನ್ನೂ ಕುರ್‌ಆನ್ ನಿಷೇಧಿಸಿದೆ.

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನಾದರೂ ಹಾಲಿನಲ್ಲಿ ಕದ್ದು ಬೆರೆಸಬೇಡಿ. ಏನು ಕೊಡುತ್ತಿದ್ದೀರೆಂದು ತಾಯಿಗೆ ಹೇಳಿಯೇ ಕೊಡಿ. ಮರೆತು ಮತ್ತೆ ಕೇಳಿದರೆ ಮತ್ತೆ ಹೇಳಿ.