ಪದದ ಸಾಕ್ಷಿಗಳು

ಪದದ ಅರ್ಥವನ್ನು ನಿಘಂಟುಕಾರ ತನ್ನ ಮಾತಿನಲ್ಲಿ ಹೇಳಿ ಮುಗಿಸಿದರೆ ಸಾಲದೆ? ಅದರ ಕೆಳಗೆ ಕವಿಯ ಸಾಲನ್ನೋ ಧರ್ಮಬೋಧಕನ ವಾಕ್ಯವನ್ನೋ ತಂದು ನಿಲ್ಲಿಸುವುದೇಕೆ? ಅರ್ಥ ನಿಘಂಟುಕಾರನ ಅಪ್ಪಣೆಯಿಂದ ಹುಟ್ಟಿದ್ದಲ್ಲ. ಆಡಿದವರ, ಬರೆದವರ ಬಳಕೆಯಲ್ಲಿ ಬೆಳೆದದ್ದು. ಆದಕಾರಣ ಸಾಕ್ಷಿ ಬೇಕು. ನಮ್ಮ ಕೇಶಿರಾಜನೂ ಬರಿಯ ಸೂತ್ರ ಹೇಳಿ ಸುಮ್ಮನಾಗದೆ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟನಷ್ಟೆ. ಆದರೆ ಸಾಕ್ಷಿ ಕರೆಯುವವನಿಗೆ ಒಂದು ಧರ್ಮಸಂಕಟ ಕಾದಿರುತ್ತದೆ: ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು?

ಇಂಗ್ಲಿಷಿನಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದಾತ ಡಾ. ಸ್ಯಾಮ್ಯುಯಲ್ ಜಾನ್ಸನ್. 1755ರಲ್ಲಿ ಹೊರಬಂದ ಆತನ ನಿಘಂಟಿನಲ್ಲಿ ಸುಮಾರು 42,000 ಪದಗಳಿಗೆ ಲಕ್ಷಕ್ಕೂ ಮಿಕ್ಕಿ ಪ್ರಯೋಗಗಳಿವೆ. ಆತ ಓದುತ್ತ ಓದುತ್ತ ಬೇಕಾದ ಪದದಡಿ ಗೆರೆಯೆಳೆದು, ಅಂಚಿನಲ್ಲಿ ಅದರ ಮೊದಲಕ್ಷರ ಬರೆದಿಡುತ್ತಿದ್ದ. ಲಿಪಿಕಾರರು ಆ ವಾಕ್ಯಗಳನ್ನು ನಕಲು ಮಾಡಿಕೊಳ್ಳುತ್ತಿದ್ದರು. ಪ್ರಯೋಗ ಅರ್ಥವನ್ನು ತೋರುವುದರ ಜೊತೆಗೆ ತಿಳಿವನ್ನೂ ಕೊಡಬೇಕೆಂಬುದು ಆತನ ಮೊದಲ ಆಸೆ. ಪದ ಹುಡುಕಲು ಬಂದ ಹುಡುಗ ಒಂದು ಸದ್ವಿಚಾರವನ್ನೂ ಬುತ್ತಿ ಕಟ್ಟಿಕೊಂಡು ಹೋಗಲಿ ಎಂಬ ಗುರುವಿನ ಮನಸ್ಸು ಅದು. ಅದನ್ನು ಯಾರು ಹಳಿದಾರು?

ಆದರೆ ಅದೇ ಮನಸ್ಸು ಒಂದು ಬಾಗಿಲನ್ನು ಮುಚ್ಚಿತು. ದಾರ್ಶನಿಕ ಥಾಮಸ್ ಹಾಬ್ಸ್‌ನ ತತ್ತ್ವಗಳು ತನಗೆ ಒಪ್ಪಿಗೆಯಾಗದ ಕಾರಣ ಆತನ ಮಾತನ್ನು ಉದಾಹರಿಸಲಿಲ್ಲವೆಂದು ಜಾನ್ಸನ್ ಹೇಳಿದ್ದನ್ನು ಗೆಳೆಯ ಥಾಮಸ್ ಟೈಯರ್ಸ್ ಬರೆದಿಟ್ಟಿದ್ದಾನೆ. ಹಾಬ್ಸ್‌ನನ್ನು ಖಂಡಿಸಿದ ಬಿಷಪ್ ಬ್ರಾಮ್‌ಹಾಲ್‌ನ ವಾಕ್ಯಗಳು ಮಾತ್ರ ನಿಘಂಟಿನಲ್ಲಿ ಉಂಟು. ಪ್ರತಿವಾದಿಗೆ ಪ್ರವೇಶವಿಲ್ಲದ ಕಟಕಟೆ ಇದು.

ಹಾಬ್ಸ್‌ನ ರಾಜನೀತಿ ಕೆಟ್ಟದ್ದೇ ಇರಲಿ. ಆತನ ಇಂಗ್ಲಿಷಿಗೆ ಏನಾಗಿತ್ತು? 'ನ್ಯಾಯ' ಎಂಬ ಪದವನ್ನು ನ್ಯಾಯವಂತರು ಮಾತ್ರ ಆಡಿದ್ದಾರೆಯೆ? ಅನ್ಯಾಯಗಾರನೂ ಆಡಿದ್ದಾನೆ, ಬಹುಶಃ ಹೆಚ್ಚು ಸಲವೇ ಆಡಿದ್ದಾನೆ. ಪದವನ್ನು ಸಜ್ಜನರ ಬಾಯಿಂದಷ್ಟೇ ಕೇಳಿದವನು ಅದರ ಅರ್ಧ ಚರಿತ್ರೆಯನ್ನು ಮಾತ್ರ ಬಲ್ಲ. ಮೋಸಹೋಗುವುದು ಉಳಿದ ಅರ್ಧದಲ್ಲಿ.

ಇನ್ನೂ ಒಂದು ಮಾತಿದೆ. ಸಂಗ್ರಹ ಬೆಟ್ಟದಷ್ಟು ಬೆಳೆದಾಗ ಜಾನ್ಸನ್ ವಾಕ್ಯಗಳನ್ನು ಕತ್ತರಿಸಬೇಕಾಯಿತು. ಹೀಗೆ ತುಂಡಾದ ವಾಕ್ಯ ಬರೆದವನ ಅಭಿಪ್ರಾಯವನ್ನೇ ಬದಲಿಸಿರಬಹುದು, ಅದನ್ನು ಆತನ ಸಿದ್ಧಾಂತವೆಂದು ತಿಳಿಯಬಾರದು ಎಂದು ಮುನ್ನುಡಿಯಲ್ಲಿ ತಾನೇ ಎಚ್ಚರಿಸಿದ. ಈ ಪ್ರಾಮಾಣಿಕತೆ ದೊಡ್ಡದು. ಆದರೆ ಸದ್ವಿಚಾರಕ್ಕೆಂದು ಆರಿಸಿದ ವಾಕ್ಯದಲ್ಲಿ ಕೊನೆಗೆ ಉಳಿದದ್ದು ಪದವೊಂದೇ ಆದಮೇಲೆ, ಹಾಬ್ಸ್‌ನನ್ನು ಹೊರಗಿಟ್ಟು ಗಳಿಸಿದ್ದೇನು?

ಒಂದು ಶತಮಾನದ ಬಳಿಕ, 1857ರಲ್ಲಿ, ಡೀನ್ ಟ್ರೆಂಚ್ ಲಂಡನ್ನಿನ ಭಾಷಾಶಾಸ್ತ್ರಸಂಘದ ಮುಂದೆ ನಿಘಂಟುಕಾರ ಭಾಷೆಯ ಚರಿತ್ರಕಾರನೇ ಹೊರತು ವಿಮರ್ಶಕನಲ್ಲವೆಂದು ವಾದಿಸಿದ. ಅಲ್ಲಿಂದ ಮೊಳೆತ ಆಕ್ಸ್‌ಫರ್ಡ್ ನಿಘಂಟು 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದಿತು. ಅದಕ್ಕೆ ಪ್ರಯೋಗಗಳನ್ನು ಸಾವಿರಗಟ್ಟಲೆ ಆಯ್ದು ಕಳಿಸಿದವರಲ್ಲಿ ಡಾ. ಮೈನರ್ ಒಬ್ಬ. ಚಿತ್ತಭ್ರಮೆಯಲ್ಲಿ 1872ರಲ್ಲಿ ಒಬ್ಬನನ್ನು ಕೊಂದು, ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಯಲ್ಲಿ ಬಂಧಿಯಾಗಿದ್ದವನು. ಸಂಪಾದಕ ಮರ್ರೇ ಆತನ ಚೀಟಿಗಳನ್ನು ಸ್ವೀಕರಿಸಿದ, ಮೆಚ್ಚಿದ. ಕೈಗೆ ರಕ್ತ ಅಂಟಿತ್ತೆಂದು ಆ ಕೈ ಬರೆದ ಚೀಟಿ ಸುಳ್ಳಾಗಲಿಲ್ಲ.

ಹಾಗಾದರೆ ನಿಘಂಟುಕಾರನಿಗೆ ನೀತಿಯೇ ಬೇಡವೆ? ಬೇಕು. ಯಾರು, ಎಲ್ಲಿ, ಯಾವಾಗ ಏನು ಹೇಳಿದರೋ ಅದನ್ನು ಅವರ ಹೆಸರಿನೊಡನೆ ಇದ್ದಂತೆಯೇ ಒಪ್ಪಿಸುವುದು ಆತನ ನೀತಿ. ಒಳ್ಳೆಯದನ್ನು ಬೋಧಿಸುವುದಕ್ಕಿಂತ ಇದು ಸುಲಭವೆಂದು ತೋರೀತು. ನಮಗಾಗದವನ ಮಾತನ್ನು ತಿರುಚದೆ ಎತ್ತಿ ಹೇಳಬೇಕಾಗಿ ಬಂದಾಗ ಅದರ ಕಷ್ಟ ತಿಳಿಯುತ್ತದೆ.